ಸಾಹೇಬರಿಲ್ಲದ ಹೊತ್ತಿನಲ್ಲಿ

ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಹವಾಲ್ದಾರ, ಜಮಾದಾರ, ಸುಬೇದಾರ, ಕಿಲ್ಲೇದಾರ ಎಂಬ ಅಡ್ಡಹೆಸರು ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಹವಾಲ್ದಾರರು ಕಿರಾಣಿ ಅಂಗಡಿ ಇಟ್ಟಿರಬಹುದು, ಜಮಾದಾರರು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿರಬಹುದು, ಕಿಲ್ಲೇದಾರರ ಹೊಲದಲ್ಲಿ ಈ ಸಲ ತೊಗರಿ ಕೈಕೊಟ್ಟಿರಬಹುದು. ಮನೆತನದ ಯಾರೋ ಮುತ್ತಜ್ಜ ಯಾವುದೋ ಕೋಟೆಯ ಬಾಗಿಲು ಕಾದಿದ್ದ ಎಂಬುದಕ್ಕೆ ಆ ಹೆಸರೊಂದೇ ದಾಖಲೆ. ಹುದ್ದೆ ಹೋಗಿದೆ, ಹೆಸರು ಉಳಿದಿದೆ.

ಸೇನೆಯಲ್ಲಿ ಮಾತ್ರ ಇವು ಈಗಲೂ ಹುದ್ದೆಗಳೇ. ಹವಾಲ್ದಾರ್ ಎಂದರೆ ಯಾವುದನ್ನೋ ಹವಾಲೆಗೆ ಪಡೆದವನು, ಹೊಣೆ ಹೊತ್ತವನು. ನಾಯಕ್ ಎಂಬುದು ನಮ್ಮ ನಾಯಕನೇ. ಪಾಳೇಪಟ್ಟುಗಳನ್ನು ಆಳಿದ ಆ ದೊಡ್ಡ ಪದ ಬರಾಕಿಗೆ ಬರುವ ಹೊತ್ತಿಗೆ ತೋಳಿನ ಮೇಲಿನ ಎರಡು ಫೀತಿಗೆ ಇಳಿದಿದೆ. ಸುಬೇದಾರನದ್ದೂ ಇದೇ ಕತೆ. ಒಂದು ಕಾಲಕ್ಕೆ ಇಡೀ ಸುಬಾ, ಅಂದರೆ ಒಂದು ಪ್ರಾಂತ್ಯವನ್ನೇ ನೋಡಿಕೊಳ್ಳುತ್ತಿದ್ದವನು ಈಗ ಮೂವತ್ತು ಚಿಲ್ಲರೆ ಜವಾನರ ಪ್ಲಟೂನು ನೋಡಿಕೊಳ್ಳುತ್ತಾನೆ. ಜಮಾದಾರ್ ಪದವನ್ನು ಸೇನೆ 1965ರಲ್ಲಿ ಕೈಬಿಟ್ಟು ನಾಯಬ್ ಸುಬೇದಾರ್ ಎಂದು ಬದಲಿಸಿತು. ಬೀದರ್ ಜಿಲ್ಲೆಯ ಪಡಿತರ ಚೀಟಿಗಳಲ್ಲಿ ಅದು ಬದಲಾಗಲಿಲ್ಲ.

ಈ ಶ್ರೇಣಿಯ ಲೆಕ್ಕಾಚಾರವೂ ಹಳೆಯದೇ. ಶಿವಾಜಿಯ ಕಾಲಾಳು ಪಡೆಯಲ್ಲಿ ಒಂಬತ್ತು-ಹತ್ತು ಮಂದಿಗೊಬ್ಬ ನಾಯಕ, ಅಂಥ ಐದು ನಾಯಕರಿಗೊಬ್ಬ ಹವಾಲ್ದಾರ, ಹವಾಲ್ದಾರರ ಮೇಲೆ ಜುಮ್ಲೇದಾರ. ಇಂದಿನ ಪದಾತಿ ದಳದ ಅತಿ ಸಣ್ಣ ಘಟಕವಾದ ಸೆಕ್ಷನ್ನಿನಲ್ಲೂ ಹತ್ತೇ ಮಂದಿ. ಕತ್ತಿ ಹೋಗಿ ಕೋವಿ ಬಂತು, ಕೋವಿ ಹೋಗಿ ರೈಫಲ್ ಬಂತು, ಈಗ ತಲೆಯ ಮೇಲೆ ಡ್ರೋನ್ ಹಾರುತ್ತಿದೆ. ಆದರೂ ಒಬ್ಬ ಮನುಷ್ಯ ಕೂಗಿ ಹೇಳಿದ್ದು ಎಷ್ಟು ಜನಕ್ಕೆ ಕೇಳಿಸುತ್ತದೆ, ಗುಂಡು ಹಾರುವಾಗ ಎಷ್ಟು ಜನರ ಮುಖ ಅವನ ಕಣ್ಣಿಗೆ ಬೀಳುತ್ತದೆ ಎಂಬ ಲೆಕ್ಕ ಮಾತ್ರ ಬದಲಾಗಿಲ್ಲ.

ಈ ಹತ್ತು ಮಂದಿಯ ಯಜಮಾನನನ್ನು ಸೇನೆಯ ಭಾಷೆಯಲ್ಲಿ ಎನ್‌ಸಿಓ, ನಾನ್ ಕಮಿಷನ್ಡ್ ಆಫೀಸರ್ ಎನ್ನುತ್ತಾರೆ. ಲ್ಯಾನ್ಸ್ ನಾಯಕ್‌ಗೆ ಒಂದು ಫೀತಿ, ನಾಯಕ್‌ಗೆ ಎರಡು, ಹವಾಲ್ದಾರ್‌ಗೆ ಮೂರು. ಅದರ ಮೇಲೆ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಎಂಬ ಜೆಸಿಓಗಳು, ಅಂದರೆ ಜೂನಿಯರ್ ಕಮಿಷನ್ಡ್ ಆಫೀಸರುಗಳು. ಬ್ರಿಟಿಷರ ಕಾಲದಲ್ಲಿ ಇವರು ವೈಸರಾಯ್ ಕಮಿಷನ್ ಪಡೆದವರು. ಗೋರಾ ಅಧಿಕಾರಿಗೂ ದೇಸಿ ಸಿಪಾಯಿಗೂ ನಡುವೆ ಹಾಕಿದ ಸೇತುವೆ. ಗೋರಾ ಹೋದ ಮೇಲೂ ಸೇತುವೆ ಉಳಿಯಿತು. ಬ್ರಿಟನ್, ಅಮೆರಿಕದ ಸೇನೆಗಳಲ್ಲಿ ಇಂಥ ನಡುಮನೆ ಇಲ್ಲ. ಭಾರತದಲ್ಲೂ ಪಾಕಿಸ್ತಾನದಲ್ಲೂ ಇದೆ. ಎನ್‌ಸಿಓಗಳ ಹೆಸರಲ್ಲಿ ‘ನಾನ್’ ಎಂದು ಇರುವುದರಿಂದ ಇವರು ಏನಲ್ಲ ಎಂಬುದಷ್ಟೇ ಗೊತ್ತಾಗುತ್ತದೆ. ಇವರು ಏನು ಎಂಬುದನ್ನು ತಿಳಿಯಲು ಸೋಲಾಪುರದ ಹೆದ್ದಾರಿಯಲ್ಲಿ ಸ್ವಲ್ಪ ಪಶ್ಚಿಮಕ್ಕೆ ಹೋಗಬೇಕು.

ಬಸವಕಲ್ಯಾಣವೂ ಹುಮನಾಬಾದೂ ಬದುಕುವುದು ಈ ಸೋಲಾಪುರ–ಹೈದರಾಬಾದ್ ರಸ್ತೆಯ ಮೇಲೆ. ಬಸವಕಲ್ಯಾಣದವರು ಸಸ್ತಾಪುರ ಬಂಗ್ಲಾದಲ್ಲಿ ಇಳಿದು ಒಳಕ್ಕೆ ತಿರುಗುತ್ತಾರೆ. ಹುಮನಾಬಾದ್ ಹೆದ್ದಾರಿಗೇ ಅಂಟಿಕೊಂಡಿದೆ. ಈಗ ಇದು ರಾಷ್ಟ್ರೀಯ ಹೆದ್ದಾರಿ 65, ಹಳಬರ ಬಾಯಲ್ಲಿ ಇನ್ನೂ 9. 1948ರ ಸೆಪ್ಟೆಂಬರಿನಲ್ಲಿ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ನೇತೃತ್ವದಲ್ಲಿ ಭಾರತೀಯ ಸೇನೆ ನಿಜಾಮನ ಸಂಸ್ಥಾನದೊಳಗೆ ಬಂದ ಮುಖ್ಯ ದಾರಿ ಇದು. ಕಾಗದದಲ್ಲಿ ಅದು ‘ಆಪರೇಷನ್ ಪೋಲೊ’, ಜನರ ಬಾಯಲ್ಲಿ ‘ಪೊಲೀಸ್ ಆ್ಯಕ್ಷನ್’.

ಸೆಪ್ಟೆಂಬರ್ 13, ಸೋಮವಾರ. ಬೆಳಗಿನ ಜಾವ ನಾಲ್ಕು ಗಂಟೆಯ ಹೊತ್ತಿಗೆ ಎರಡನೆಯ ಸಿಖ್ ಬೆಟಾಲಿಯನ್ನಿನ ‘ಬಿ’ ಕಂಪನಿ ನಳದುರ್ಗದತ್ತ ನಡೆದಿತ್ತು. ಬೋರಿ ನದಿಯ ಸೇತುವೆ ಕೈತಪ್ಪಿದರೆ ಹಿಂದೆ ಬರುವ ಟ್ಯಾಂಕುಗಳು ಅಲ್ಲೇ ಹೂತುಹೋಗುತ್ತವೆ. ಎಲ್ಲರಿಗಿಂತ ಮುಂದಿದ್ದುದು ಹವಾಲ್ದಾರ್ ಬಚಿತ್ತರ್ ಸಿಂಗ್ ಅವರ ಪ್ಲಟೂನು. ಎದುರಿಗೆ ಎರಡು ವಾಹನಗಳು ಬಂದವು, ಗುಂಡು ಹಾರಿತು. ಬಚಿತ್ತರ್ ಸಿಂಗ್ ತಮ್ಮವರಿಗೆ ಗುಂಡು ಹಾರಿಸಲು ಹೇಳಿ ತಾವೇ ಮುನ್ನುಗ್ಗಿದರು. ವಾಹನಗಳೂ ಅವುಗಳಲ್ಲಿದ್ದವರೂ ಕೈವಶವಾದರು. ಇನ್ನಷ್ಟು ದೂರ ಹೋಗುವಷ್ಟರಲ್ಲಿ ಭದ್ರವಾಗಿ ಕಂದಕ ತೋಡಿಕೊಂಡು ಕೂತಿದ್ದ ಲಘು ಮಷಿನ್‌ಗನ್ ಒಂದು ಬಾಯಿ ತೆರೆಯಿತು. ಅದರಿಂದ ಮೂವತ್ತು ಗಜ ದೂರದಲ್ಲಿದ್ದಾಗ ಗುಂಡು ಅವರ ತೊಡೆಗೆ ಬಿತ್ತು. ನೆಲಕ್ಕೆ ಬಿದ್ದವರು ತೆವಳಿಕೊಂಡೇ ಮುಂದೆ ಹೋಗಿ ಎರಡು ಗ್ರೆನೇಡ್ ಎಸೆದು ಆ ಗನ್ನಿನ ಬಾಯಿ ಮುಚ್ಚಿಸಿದರು. ಹಿಂದಕ್ಕೆ ಒಯ್ಯುತ್ತೇವೆಂದರೆ ಒಪ್ಪಲಿಲ್ಲ. ಬಿದ್ದಲ್ಲಿಂದಲೇ ಹುಡುಗರನ್ನು ಹುರಿದುಂಬಿಸುತ್ತ ಪ್ರಾಣ ಬಿಟ್ಟರು.

ಅದೇ ದಿನ ಸಂಸ್ಥಾನದ ದಕ್ಷಿಣದ ಗಡಿಯಲ್ಲಿ, ತುಂಗಭದ್ರೆಯ ರೈಲ್ವೆ ಸೇತುವೆಯ ಬಳಿ, ಐದನೆಯ ಗೂರ್ಖಾ ರೈಫಲ್ಸ್‌ನ ನಾಯಕ್ ನರಬಹಾದ್ದೂರ್ ಥಾಪಾ ಬಯಲಲ್ಲಿ ನೂರು ಗಜ ಓಡಿ ಬ್ರೆನ್ ಗನ್ ಹಿಡಿದು ಕೂತವರ ಮೇಲೆ ಖುಕ್ರಿಯೊಂದಿಗೆ ಬಿದ್ದರು. ಸೇತುವೆ ಉಳಿಯಿತು, ಅವರೂ ಉಳಿದರು. 1952ರಲ್ಲಿ ಅಶೋಕ ಚಕ್ರ ಪದಕ ಸ್ಥಾಪನೆಯಾದಾಗ ಮೊದಲ ಸಾಲಿನಲ್ಲಿ ಅದನ್ನು ಪಡೆದವರಲ್ಲಿ ಈ ಇಬ್ಬರೂ ಇದ್ದರು. ಒಬ್ಬ ಹವಾಲ್ದಾರ್, ಒಬ್ಬ ನಾಯಕ್. ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕ ಉತ್ಸವದ ವೇದಿಕೆಗಳಲ್ಲಿ ಸರ್ದಾರ್ ಪಟೇಲರ ಹೆಸರು ಬರುತ್ತದೆ, ಬರಲೇಬೇಕು. ಚೌಧುರಿ ಅವರ ಹೆಸರೂ ಆಗೀಗ ಬರುತ್ತದೆ. ಈ ಎರಡು ಹೆಸರು ಕೇಳಿದವರು ಮಾತ್ರ ಕಡಿಮೆ.

ನಳದುರ್ಗದ ಸೇತುವೆ ಸಿಕ್ಕ ಮೇಲೆ ಕರ್ನಲ್ ರಾಮ್ ಸಿಂಗ್ ಅವರ ಪಡೆ ಅಂದು ಮಧ್ಯಾಹ್ನವೇ ಉಮರ್ಗಾ ಮುಟ್ಟಿತು. ಮರುದಿನದ ಗುರಿ ಅಲ್ಲಿಂದ 48 ಕಿಲೊಮೀಟರ್ ಪೂರ್ವಕ್ಕಿರುವ ರಾಜೇಶ್ವರ. ಇಂದಿನ ಬಸವಕಲ್ಯಾಣ ತಾಲ್ಲೂಕಿನ ಅದೇ ರಾಜೇಶ್ವರ. ದಾರಿಯುದ್ದಕ್ಕೂ ಹೊಂಚು ಹಾಕಿ ಕೂತಿದ್ದಾರೆಂಬುದು ವಿಮಾನದಿಂದ ಕಂಡಿತು. ವಾಯುಪಡೆಯ ಟೆಂಪೆಸ್ಟ್ ವಿಮಾನಗಳು ಬಂದು ದಾರಿ ಬಿಡಿಸಿದವು. ಮಧ್ಯಾಹ್ನದ ಹೊತ್ತಿಗೆ ರಾಜೇಶ್ವರ ಕೈಸೇರಿತು. ಸಸ್ತಾಪುರ ಬಂಗ್ಲಾ ಆಗ ಬರೀ ಒಂದು ತಿರುವು, ಬಸವಕಲ್ಯಾಣ ಆಗ ‘ಕಲ್ಯಾಣಿ’ ಎಂಬ ಜಾಗೀರು. 16ರಂದು ಪಡೆ ಜಹೀರಾಬಾದಿನತ್ತ ಹೊರಟಾಗ ನೆಲಬಾಂಬುಗಳು ತಡೆದವು. ಬೀದರ್ ರಸ್ತೆ ಹೆದ್ದಾರಿಗೆ ಕೂಡುವ ಕಡೆ ಮತ್ತೆ ಗುಂಡಿನ ಮಳೆ. ಅದನ್ನು ನೋಡಿಕೊಳ್ಳಲು ಕೆಲವು ತುಕಡಿಗಳನ್ನು ಅಲ್ಲೇ ಬಿಟ್ಟು ಉಳಿದವರು ಮುಂದೆ ಹೋದರು. 17ರ ಬೆಳಿಗ್ಗೆ ಸೇನೆ ಬೀದರ್ ಹೊಕ್ಕಿತು, ಸಂಜೆ ನಿಜಾಮ ಸೋಲೊಪ್ಪಿದ.

‘ಕೆಲವು ತುಕಡಿಗಳನ್ನು ಅಲ್ಲೇ ಬಿಟ್ಟು’ ಎಂಬ ಮಾತನ್ನು ಯುದ್ಧದ ಇತಿಹಾಸಗಳು ಅರ್ಧ ಸಾಲಿನಲ್ಲಿ ದಾಟಿಬಿಡುತ್ತವೆ. ಆ ಅರ್ಧ ಸಾಲಿನಲ್ಲೇ ಎನ್‌ಸಿಓನ ಬದುಕೆಲ್ಲ ಇದೆ. ಹೀಗಿದ್ದಿರಬಹುದು: ಕರ್ನಲ್ ಮುಂದೆ ಹೋದರು, ಮೇಜರ್ ಅವರ ಹಿಂದೆ ಹೋದರು. ಕವಲುದಾರಿಯಲ್ಲಿ ಉಳಿದವರು ಒಬ್ಬ ಹವಾಲ್ದಾರ್, ಒಂದಿಷ್ಟು ಹುಡುಗರು, ಮತ್ತು ಹೊಲದ ಬದುವಿನಾಚೆ ಯಾರಿದ್ದಾರೆಂದು ಗೊತ್ತಿಲ್ಲದ ರಾತ್ರಿ.

ಎದುರಾಳಿಗಳ ಕಡೆ ಇದೇ ಕೊರತೆ ಇತ್ತು. ನಿಜಾಮನ ಖಾಯಂ ಸೈನ್ಯದಲ್ಲಿ ತರಬೇತಾದ ಸುಬೇದಾರ, ಹವಾಲ್ದಾರರಿದ್ದರು. ಲಾತೂರಿನ ವಕೀಲ ಕಾಸಿಂ ರಜ್ವಿ ಬೆಳೆಸಿದ ರಜಾಕಾರರಲ್ಲಿ ತಲೆಗಳಿದ್ದವು, ತೋಳುಗಳಿದ್ದವು, ನಡುವೆ ಬೆನ್ನುಮೂಳೆ ಇರಲಿಲ್ಲ. ಮೇಲೆ ಭಾಷಣಕಾರ, ಕೆಳಗೆ ಬರ್ಚಿ, ಬಂದೂಕು ಹಿಡಿದ ಗುಂಪು. ಅಂಥ ಗುಂಪು ನಿರಾಯುಧ ಹಳ್ಳಿಯ ಮೇಲೆ ಬಿದ್ದರೆ ಏನಾಗುತ್ತದೆಂಬುದನ್ನು ಆ ವರ್ಷದ ಮೇ ತಿಂಗಳಲ್ಲಿ ಇದೇ ಸೀಮೆಯ ಗೋರ್ಟಾ ಕಂಡಿತ್ತು. ಸೈನ್ಯದೆದುರು ಆ ಗುಂಪು ಐದು ದಿನ ನಿಲ್ಲಲಿಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಹೇಳದಿದ್ದರೆ ಹೆದ್ದಾರಿಯ ಕತೆ ಒಂಟಿ ಗಾಲಿಯ ಬಂಡಿಯಾಗುತ್ತದೆ. ಸೇನೆ ಗೆದ್ದ ನಂತರದ ವಾರಗಳಲ್ಲಿ ಸಂಸ್ಥಾನದ ಮುಸ್ಲಿಮರ ಮೇಲೆ ಪ್ರತೀಕಾರದ ಹಿಂಸೆ ನಡೆಯಿತು. ಭಾರತ ಸರ್ಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲ್ಬರ್ಗಾ, ನಾಂದೇಡ್ ಜೊತೆ ಬೀದರ್ ಹೆಸರನ್ನೂ ಬರೆಯಿತು. ಕೆಲವೆಡೆ ಸಮವಸ್ತ್ರದವರೇ ಲೂಟಿಗೆ ಕುಮ್ಮಕ್ಕು ಕೊಟ್ಟರು, ಕೆಲವೆಡೆ ಕೈಜೋಡಿಸಿದರು ಎಂದೂ, ಬೇರೆಡೆ ಅದೇ ಸೇನೆಯವರು ಮುಸ್ಲಿಮರನ್ನು ಕಾಪಾಡಿದರು ಎಂದೂ ಅದು ದಾಖಲಿಸಿತು. ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ. ಒಂದೇ ಸೇನೆ, ಒಂದೇ ಆದೇಶ, ಒಂದೇ ರಸ್ತೆ. ಒಂದು ಹಳ್ಳಿಯಲ್ಲಿ ಹಾಗೆ, ಪಕ್ಕದ ಹಳ್ಳಿಯಲ್ಲಿ ಹೀಗೆ. ಹಳ್ಳಿ ಹಳ್ಳಿಗೂ ಮೇಜರ್ ಇರಲಾರ. ಅಲ್ಲಿ ನಿಂತ ಹತ್ತು ಮಂದಿಯಲ್ಲಿ ಮೂರು ಫೀತಿಯವನು ‘ಬಂದೂಕು ಕೆಳಗಿಳಿಸು’ ಎಂದನೋ, ಮುಖ ತಿರುಗಿಸಿದನೋ ಎಂಬುದರ ಮೇಲೆ ಎಷ್ಟೋ ಮನೆಗಳ ಹಣೆಬರಹ ನಿಂತಿತ್ತೆಂದು ಊಹಿಸುವುದು ಕಷ್ಟವಲ್ಲ. ಎನ್‌ಸಿಓನ ನಾಯಕತ್ವ ಎಂದಾಗ ಪದಕದ ಪ್ರಶಸ್ತಿ ಪತ್ರಗಳನ್ನಷ್ಟೇ ಓದುವವರು ಈ ವರದಿಯನ್ನೂ ಓದಬೇಕು.

ಅಂಥ ಹೊಣೆ ಹೊರುವ ಹವಾಲ್ದಾರನನ್ನು ತಯಾರು ಮಾಡುವುದು ಹೇಗೆ?

ತಡವಾಗಿ, ನಿಧಾನವಾಗಿ. ಅಧಿಕಾರಿಯಾಗುವ ಹುಡುಗ ಡೆಹ್ರಾಡೂನಿಗೋ ಚೆನ್ನೈಗೋ ಹೋಗಿ ಒಂದೆರಡು ವರ್ಷದಲ್ಲಿ ಭುಜದ ಮೇಲೆ ನಕ್ಷತ್ರ ಹೊತ್ತು ಬರುತ್ತಾನೆ. ಹವಾಲ್ದಾರನಿಗೆ ಅಂಥ ಒಂದು ಬಾಗಿಲಿಲ್ಲ. ಜವಾನನಾಗಿ ಸೇರಿ, ಉಸ್ತಾದನ ಬೈಗುಳ ತಿಂದು, ತಪ್ಪಿಗೆ ರಗಡಾ ಹೊಡೆಸಿಕೊಂಡು, ಕಾವಲು ಮಾಡಿ, ಲಂಗರಿನಲ್ಲಿ ಈರುಳ್ಳಿ ಹೆಚ್ಚಿ, ಕಾಶ್ಮೀರ ನೋಡಿ, ಈಶಾನ್ಯ ನೋಡಿ, ನಡುನಡುವೆ ‘ಕೇಡರ್’ ಪಾಸು ಮಾಡಬೇಕು. ಕೇಡರ್ ಎಂದರೆ ಬಡ್ತಿಯ ತರಬೇತಿ. ಅದರಲ್ಲಿ ಡ್ರಿಲ್ಲಿನ ಹುಕುಂ ಕೊಡುವ ಗಂಟಲಿನಿಂದ ಹಿಡಿದು ಆಯುಧ ಬಿಚ್ಚಿ ಕೂಡಿಸುವುದು, ನಕ್ಷೆ ಓದುವುದು, ರಾತ್ರಿ ದಿಕ್ಸೂಚಿ ಹಿಡಿದು ಸೆಕ್ಷನ್ ನಡೆಸುವುದು, ಮಣ್ಣಿನಲ್ಲಿ ಗುಡ್ಡ-ಹಳ್ಳಗಳ ಮಾದರಿ ಮಾಡಿ ಅದರ ಮುಂದೆ ನಿಂತು ದಾಳಿಯ ಆದೇಶ ಕೊಡುವುದು, ಎಲ್ಲ ಇದೆ. ಜೊತೆಗೆ ಸೇನೆಯ ಶಿಕ್ಷಣ ಪರೀಕ್ಷೆಗಳು. ಓಟದಲ್ಲಿ ಎಲ್ಲರಿಗಿಂತ ಮುಂದಿರುವ ಎಷ್ಟೋ ಹುಡುಗರು ಕೈಕಾಲು ಬಿಡುವುದು ನಕ್ಷೆಯ ಮುಂದೆ.

ಕಲಿಸುವ ದೊಡ್ಡ ಜಾಗಗಳಲ್ಲೊಂದು ನಮ್ಮ ರಾಜ್ಯದಲ್ಲೇ ಇದೆ. ಮಹೂ ಪದಾತಿ ಶಾಲೆಯ ಜೂನಿಯರ್ ಲೀಡರ್ಸ್ ವಿಂಗ್ ಇರುವುದು ಬೆಳಗಾವಿಯಲ್ಲಿ. ಕಮಾಂಡೊ ತರಬೇತಿಗೆ ಹೆಸರಾದ ಆವರಣವೂ ಅದೇ. ಬರೇಲಿಯಲ್ಲಿ ಜೂನಿಯರ್ ಲೀಡರ್ಸ್ ಅಕಾಡೆಮಿ ಇದೆ. ಹಿರಿಯ ಹವಾಲ್ದಾರರು, ಹೊಸ ಜೆಸಿಓಗಳು ಅಲ್ಲಿಗೆ ಹೋಗುತ್ತಾರೆ. ಇಲ್ಲೆಲ್ಲ ಕಲಿಸುವ ಮುಖ್ಯ ವಿಷಯ ಬಂದೂಕಲ್ಲ, ಅದು ಬಂದವರಿಗೆ ಆಗಲೇ ಗೊತ್ತು. ನಿನ್ನೆಯವರೆಗೆ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಗೆಳೆಯನಿಗೆ ಇವತ್ತು ‘ನೀನು ಮೊದಲು ಹೋಗು’ ಎಂದು ಹೇಳುವುದು ಹೇಗೆ ಎಂಬುದು ಗೊತ್ತಿಲ್ಲ.

ಭಾಷೆಯ ವಿಚಾರದಲ್ಲಿ ಬೀದರ್ ಕಡೆಯ ಹುಡುಗರಿಗೆ ಒಂದು ಅನುಕೂಲವಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ, ಬೀಗರ ಮನೆಯಲ್ಲಿ ಮರಾಠಿ, ಜಹೀರಾಬಾದ್ ದಾಟಿದರೆ ತೆಲುಗು. ಬರಾಕಿನ ಹಿಂದಿಯಲ್ಲಿ ಆದೇಶ ಕೊಡುವಾಗ ಬರುವ ‘ಮಕಸದ್’, ‘ತರೀಕಾ’ ಎಂಬ ಪದಗಳನ್ನು ಮಂಡ್ಯದ ಹುಡುಗ ಬಾಯಿಪಾಠ ಮಾಡಬೇಕು. ಹುಮನಾಬಾದಿನವನು ಅವನ್ನು ಚಹಾದಂಗಡಿಯಲ್ಲೇ ಕೇಳಿ ಬೆಳೆದಿರುತ್ತಾನೆ. ಸೆಕ್ಷನ್ನಿನೊಳಗಿನ ಜಗಳ ಬಿಡಿಸಲಿಕ್ಕೂ, ಊರಿನ ಚಿಂತೆಯಲ್ಲಿ ಮಂಕಾದ ಹುಡುಗನ ಬಾಯಿ ಬಿಡಿಸಲಿಕ್ಕೂ ನಾಲ್ಕು ಭಾಷೆ ಬಂದರೆ ಒಳ್ಳೆಯದೇ. ಆದರೂ ಈ ಸೀಮೆಯವರು ಹತ್ತಿರದಿಂದ ಕಂಡಿದ್ದು ಸೇನೆಯ ಹಸಿರು ಉಡುಪಿಗಿಂತ ವಾಯುಪಡೆಯ ನೀಲಿಯನ್ನೇ. ಬೀದರ್ ವಾಯುನೆಲೆಯ ತರಬೇತಿ ವಿಮಾನಗಳ ಸದ್ದಿಗೆ ಇಲ್ಲಿನ ಶಾಲೆಯ ಮಕ್ಕಳು ತಲೆಯೆತ್ತುವುದನ್ನೇ ಬಿಟ್ಟಿದ್ದಾರೆ.

ಬೆಳಗಾವಿ ಎಂದ ಮೇಲೆ ಮರಾಠಾ ಲಘು ಪದಾತಿ ದಳದ ಕೇಂದ್ರವನ್ನು ಬಿಟ್ಟು ಹೋಗುವಂತಿಲ್ಲ. ಮಹಾರಾಷ್ಟ್ರದವರ ಜೊತೆ ಕರ್ನಾಟಕದ ಹುಡುಗರೂ ಸೇರುವ ರೆಜಿಮೆಂಟ್ ಇದು. ಇಲ್ಲಿನ ನಾಯಕ್ ಒಬ್ಬರ ಹೆಸರು ಯಶವಂತ ಘಾಡ್ಗೆ. 1944ರ ಜುಲೈ 10ರಂದು ಇಟಲಿಯ ಟೈಬರ್ ಕಣಿವೆಯಲ್ಲಿ ಅವರ ಸೆಕ್ಷನ್ ಮೇಲೆ ಮಷಿನ್‌ಗನ್ ಗುಂಡು ಹಾರಿತು. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಸತ್ತರು ಇಲ್ಲವೇ ಗಾಯಗೊಂಡು ಬಿದ್ದರು. ಉಳಿದ ಆ ಒಬ್ಬರು ಸೆಕ್ಷನ್ ಕಮಾಂಡರೇ. ಘಾಡ್ಗೆ ಒಬ್ಬರೇ ನುಗ್ಗಿ ಗ್ರೆನೇಡ್ ಎಸೆದು ಗನ್ ಹಾಳು ಮಾಡಿದರು. ಟಾಮಿ ಗನ್ನಿನ ಗುಂಡು ಮುಗಿದಾಗ ಹಿಡಿಯಿಂದಲೇ ಹೊಡೆದರು. ಕೊನೆಗೆ ಮರೆಯಲ್ಲಿದ್ದವರ ಗುಂಡಿಗೆ ಬಿದ್ದರು. ವಿಕ್ಟೋರಿಯಾ ಕ್ರಾಸ್ ಬಂತು. ನಾಯಕತ್ವದ ಪಾಠದಲ್ಲಿ ಇದನ್ನು ಹೇಗೆ ಓದಬೇಕೆಂಬುದು ಕುತೂಹಲದ ಪ್ರಶ್ನೆ. ನಡೆಸಲಿಕ್ಕೆ ಯಾರೂ ಉಳಿಯದಿದ್ದಾಗಲೂ ಅವರು ನಾಯಕರಾಗಿಯೇ ನಡೆದುಕೊಂಡರು.

ಪರಮವೀರ ಚಕ್ರ ಪಡೆದ 21 ಮಂದಿಯ ಪಟ್ಟಿ ನೋಡಿದರೂ ಇದೇ ಜಾತಿಯವರು ಸಿಗುತ್ತಾರೆ. ನಾಯಕ್ ಜದುನಾಥ್ ಸಿಂಗ್, ಲ್ಯಾನ್ಸ್ ನಾಯಕ್ ಕರಮ್ ಸಿಂಗ್, ಕಂಪನಿ ಹವಾಲ್ದಾರ್ ಮೇಜರ್ ಪೀರು ಸಿಂಗ್, ಅಬ್ದುಲ್ ಹಮೀದ್, ಲ್ಯಾನ್ಸ್ ನಾಯಕ್ ಆಲ್ಬರ್ಟ್ ಎಕ್ಕಾ: ಐವರು ಎನ್‌ಸಿಓಗಳು. ಇವರಲ್ಲಿ ಹಮೀದ್ ಹುದ್ದೆಯಿಂದ ಕಂಪನಿಯ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್. ರೇಷನ್, ಬಟ್ಟೆ, ಕಂಬಳಿಯ ಲೆಕ್ಕ ಇಡುವ ಮನುಷ್ಯ. 1965ರ ಖೇಮ್‌ಕರಣ್ ಕದನದಲ್ಲಿ ಜೀಪಿಗೆ ಕೂರಿಸಿದ ರಿಕಾಯಿಲ್‌ಲೆಸ್ ಗನ್ನಿನಿಂದ ಪ್ಯಾಟನ್ ಟ್ಯಾಂಕುಗಳನ್ನು ಹೊಡೆದುರುಳಿಸಿದ್ದು ಇದೇ ಲೆಕ್ಕದ ಹವಾಲ್ದಾರ್. ವರ್ಷಗಟ್ಟಲೆ ಅದೇ ಗನ್ನಿನ ಜೊತೆ ಇದ್ದವರು ಅವರು.

ಕರ್ನಾಟಕದ ಹೆಸರೂ ಆ ಪಟ್ಟಿಯಲ್ಲಿದೆ. ಕಾರವಾರದ ಬಳಿಯ ಚೆಂಡಿಯಾದಲ್ಲಿ ಹುಟ್ಟಿದ ರಾಮ ರಾಘೋಬಾ ರಾಣೆ. ಪಟ್ಟಿಯಲ್ಲಿ ಅವರು ಸೆಕೆಂಡ್ ಲೆಫ್ಟಿನೆಂಟ್, ಆದರೆ 1940ರಲ್ಲಿ ಬಾಂಬೆ ಎಂಜಿನಿಯರ್ಸ್‌ಗೆ ಸೇರಿದ್ದು ಸಾಮಾನ್ಯ ಸೈನಿಕನಾಗಿ. ಬರ್ಮಾದ ಯುದ್ಧದಲ್ಲಿ ಫೀತಿ ಹತ್ತಿ, ಹವಾಲ್ದಾರರಾಗಿ, 1947ರ ಡಿಸೆಂಬರಿನಲ್ಲಿ ಕಮಿಷನ್ ಪಡೆದರು. ನಾಲ್ಕು ತಿಂಗಳೂ ಕಳೆದಿರಲಿಲ್ಲ, ನೌಶೇರಾ–ರಾಜೌರಿ ರಸ್ತೆಯಲ್ಲಿ ಶತ್ರುಗಳು ಹೂತ ನೆಲಬಾಂಬುಗಳನ್ನು ತೆಗೆಯುತ್ತ, ಉರುಳಿಸಿದ ಮರಗಳನ್ನು ಸರಿಸುತ್ತ ಟ್ಯಾಂಕುಗಳಿಗೆ ದಾರಿ ಮಾಡಿದರು. ಆ ಏಪ್ರಿಲ್ ದಿನಗಳಲ್ಲಿ ಕೆಲಸ ಮಾಡಿದ್ದು ಹೊಸ ಲೆಫ್ಟಿನೆಂಟನ ನಕ್ಷತ್ರವೋ, ಏಳು ವರ್ಷ ಮಣ್ಣು ಕೆದಕಿದ ಹಳೆಯ ಹವಾಲ್ದಾರನ ಕೈಯೋ? ಈ ಲೇಖಕರ ಮತ ಕೈಯ ಕಡೆಗೆ. ರಾಣೆ ನಡೆದ ದಾರಿಗೆ ಈಗ ಡೆಹ್ರಾಡೂನಿನ ಆರ್ಮಿ ಕೆಡೆಟ್ ಕಾಲೇಜು ಇದೆ. ಸೇವೆಯಲ್ಲಿರುವ ಜವಾನರು, ಎನ್‌ಸಿಓಗಳು ಪರೀಕ್ಷೆ ಬರೆದು ಮೂರು ವರ್ಷ ಪದವಿ ಓದಿ, ಮತ್ತೊಂದು ವರ್ಷ ಮಿಲಿಟರಿ ಅಕಾಡೆಮಿಯಲ್ಲಿದ್ದು ಅಧಿಕಾರಿಗಳಾಗುತ್ತಾರೆ.

ಎಲ್ಲರಿಗೂ ಆ ದಾರಿ ಸಿಗುವುದಿಲ್ಲ. ಬೇಡವೆನ್ನುವವರೂ ಇದ್ದಾರೆ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ 2002ರ ಅಕ್ಟೋಬರಿನಲ್ಲಿ ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ ಸೇರಿದರು. ಹದಿಮೂರು ವರ್ಷ ಕಳೆದಾಗಲೂ ಅವರ ತೋಳಿನ ಮೇಲಿದ್ದುದು ಒಂದೇ ಫೀತಿ. ಆ ಹದಿಮೂರರಲ್ಲಿ ಹತ್ತು ವರ್ಷ ಜಮ್ಮು-ಕಾಶ್ಮೀರ, ಈಶಾನ್ಯದಂಥ ಕಠಿಣ ಪ್ರದೇಶಗಳಲ್ಲಿ; ರಾಷ್ಟ್ರೀಯ ರೈಫಲ್ಸ್‌ಗೆ ತಾವೇ ಕೇಳಿಕೊಂಡು ಹೋದವರು. ಫೀತಿ ಎಷ್ಟು ನಿಧಾನ ಬರುತ್ತದೆ, ಬರುವ ಹೊತ್ತಿಗೆ ಹಿಂದೆ ಎಷ್ಟು ಸೇವೆ ಸವೆದಿರುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

2016ರ ಫೆಬ್ರುವರಿ 3ರಂದು ಸಿಯಾಚಿನ್ ಹಿಮನದಿಯ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆ ಕುಸಿಯಿತು. ಎತ್ತರ ಸುಮಾರು 19,600 ಅಡಿ. ಅಲ್ಲಿದ್ದವರು ಹನುಮಂತಪ್ಪ ಸೇರಿ ಹತ್ತು ಮಂದಿ. ಅವರ ಮುಖ್ಯಸ್ಥ ಸುಬೇದಾರ್ ನಾಗೇಶ್, ಹಾಸನದ ತೇಜೂರಿನವರು. ಅವರ ಕೆಳಗೆ ಹವಾಲ್ದಾರ್, ಲ್ಯಾನ್ಸ್ ಹವಾಲ್ದಾರ್, ಲ್ಯಾನ್ಸ್ ನಾಯಕರು, ಸಿಪಾಯಿಗಳು, ಅವರಲ್ಲೊಬ್ಬರು ಎಚ್.ಡಿ. ಕೋಟೆಯ ಮಹೇಶ್. ಪಟ್ಟಿಯನ್ನು ಮತ್ತೊಮ್ಮೆ ಓದಿದರೆ ಅದರಲ್ಲಿ ಒಬ್ಬ ಕಮಿಷನ್ಡ್ ಅಧಿಕಾರಿಯೂ ಇಲ್ಲ. ದೇಶದ ಅತಿ ಎತ್ತರದ ಠಾಣೆಗಳಲ್ಲೊಂದನ್ನು ಕಾಯುತ್ತಿದ್ದುದು ಒಬ್ಬ ಸುಬೇದಾರ್ ಮತ್ತು ಅವರ ಹುಡುಗರು. ಯಾರು ಎಷ್ಟು ಹೊತ್ತು ಹೊರಗೆ ಕಾವಲು ನಿಲ್ಲಬೇಕು, ಯಾರ ಬೆರಳು ಹಿಮಕ್ಕೆ ಕಪ್ಪಾಗುತ್ತಿದೆ, ಸೀಮೆಎಣ್ಣೆ ಎಷ್ಟು ದಿನಕ್ಕೆ ಬರುತ್ತದೆ, ಊಟ ಬೇಡವೆನ್ನುವವನಿಗೆ ಹೇಗೆ ತಿನ್ನಿಸುವುದು ಎಂಬ ತೀರ್ಮಾನಗಳಲ್ಲೇ ಅಲ್ಲಿನ ದಿನ ಕಳೆಯುತ್ತದೆ. ಅಲ್ಲಿ ನಾಯಕತ್ವದ ಮುಖ ಇಷ್ಟೇ ಸಾದಾ.

ನೂರೈವತ್ತಕ್ಕೂ ಹೆಚ್ಚು ಯೋಧರು, ನಾಯಿಗಳು ಹಿಮ ಕೊರೆದು ಹುಡುಕಿದರು. ಆರನೆಯ ದಿನ 25 ಅಡಿಗೂ ಹೆಚ್ಚು ಆಳದಲ್ಲಿ ಹನುಮಂತಪ್ಪ ಉಸಿರಾಡುತ್ತಿದ್ದರು. ಕರ್ನಾಟಕವಿಡೀ ಆ ಮೂರು ದಿನ ದಿಲ್ಲಿಯ ಆಸ್ಪತ್ರೆಯ ಬುಲೆಟಿನ್‌ಗೆ ಕಿವಿಗೊಟ್ಟು ಕೂತಿತ್ತು. ಫೆಬ್ರುವರಿ 11ರಂದು ಅವರು ತೀರಿಕೊಂಡರು. ಉಳಿದ ಒಂಬತ್ತು ಮಂದಿ ಅಷ್ಟರಲ್ಲಾಗಲೇ ಇರಲಿಲ್ಲ.

ಈಚಿನ ವರ್ಷಗಳಲ್ಲಿ ಜಗತ್ತಿನ ಸೇನಾ ವಿಶ್ಲೇಷಕರು ಎನ್‌ಸಿಓಗಳ ಬಗ್ಗೆ ಹೆಚ್ಚು ಬರೆದಿದ್ದು ರಷ್ಯಾ–ಉಕ್ರೇನ್ ಯುದ್ಧದ ನೆಪದಲ್ಲಿ. ಸಣ್ಣ ತೀರ್ಮಾನಕ್ಕೂ ಮೇಲಿನ ಅಧಿಕಾರಿಯೇ ಬೇಕಾದ ರಷ್ಯನ್ ಪದ್ಧತಿಯನ್ನೂ, 2014ರ ನಂತರ ಉಕ್ರೇನ್ ಸಾರ್ಜೆಂಟುಗಳನ್ನು ಬೆಳೆಸಲು ಪಟ್ಟ ಪ್ರಯತ್ನವನ್ನೂ ಹೋಲಿಸಿ ಪುಟಗಟ್ಟಲೆ ಬಂದಿದೆ. ಅಮೆರಿಕದವರು 1970ರ ದಶಕದಲ್ಲೇ ಸಾರ್ಜೆಂಟ್ ಮೇಜರ್‌ಗಳಿಗೊಂದು ಅಕಾಡೆಮಿ ತೆರೆದರು. ನಮ್ಮಲ್ಲಿ ಈ ವಿಷಯ ಪುಸ್ತಕಕ್ಕಿಂತ ಪಲ್ಟನ್ನಿನಲ್ಲೇ ಹೆಚ್ಚು ಬದುಕಿದೆ. ಹೊಸದಾಗಿ ಬಂದ ಲೆಫ್ಟಿನೆಂಟ್‌ಗೆ ಕಮಾಂಡಿಂಗ್ ಆಫೀಸರ್ ಮೊದಲು ಹೇಳುವ ಮಾತು ‘ಸುಬೇದಾರ್ ಸಾಬ್ ಹೇಳಿದ್ದು ಕೇಳಿಸಿಕೊ’ ಎಂಬುದೇ. ಹುಡುಗ ಹುದ್ದೆಯಲ್ಲಿ ದೊಡ್ಡವನು, ಸಾಬ್ ಅವನಪ್ಪನ ವಯಸ್ಸಿನವರು. ಸೆಲ್ಯೂಟ್ ಸಾಬ್ ಹೊಡೆಯುತ್ತಾರೆ, ಪಾಠ ಹುಡುಗ ಕಲಿಯುತ್ತಾನೆ.

ಇದರಲ್ಲಿ ಒಂದು ಓರೆಯೂ ಇದೆ. ಎಲ್ಲವನ್ನೂ ಕೆಳಗಿನವರಿಗೆ ಬಿಡುತ್ತೇವೆ ಎನ್ನುವ ಸೇನೆಯಲ್ಲೇ ಹವಾಲ್ದಾರನನ್ನು ಗೋಡೆಗೆ ಸುಣ್ಣ ಬಳಿಸಲು, ಅತಿಥಿಗಳಿಗೆ ಶಾಮಿಯಾನ ಹಾಕಿಸಲು ನಿಲ್ಲಿಸುವ ಚಾಳಿ ಹೋಗಿಲ್ಲವೆಂಬುದು ನಿವೃತ್ತರ ಹಳೆಯ ಗೊಣಗಾಟ. ಸಂಬಳದ ವಿಚಿತ್ರವೂ ಉಂಟು. ಬಡ್ತಿ ಸಿಗದಿದ್ದರೂ ಎಂಟು, ಹದಿನಾರು, ಇಪ್ಪತ್ತನಾಲ್ಕು ವರ್ಷಕ್ಕೆ ಮೇಲಿನ ಹುದ್ದೆಯ ವೇತನ ಶ್ರೇಣಿ ಸಿಗುವ ವ್ಯವಸ್ಥೆ ಇದೆ. ಏಳನೇ ವೇತನ ಆಯೋಗದ ಪ್ರಕಾರ ಹವಾಲ್ದಾರನ ಮೂಲ ವೇತನ 29,200 ರೂಪಾಯಿಯಿಂದ ಶುರು. ಫೀತಿ ಇಲ್ಲದೆಯೂ ಹವಾಲ್ದಾರನ ಸಂಬಳ ತಗೊಂಡು ಮನೆಗೆ ಹೋಗಬಹುದು. ಮನೆಯವರಿಗೆ ಅದು ಸಾಕು. ಹುಣಸೆ ಮರದ ಕೆಳಗೆ ಕೂತವರು ಕೇಳುವುದು ಮಾತ್ರ ಬೇರೆ: ‘ಏನಾಗಿ ರಿಟೈರ್ ಆದ್ರಿ ಕಾಕಾ?’

ಹವಾಲ್ದಾರರು ಮನೆಗೆ ಬರುವುದು ನಲವತ್ತರ ಚಿಲ್ಲರೆ ವಯಸ್ಸಿಗೆ. ಮಕ್ಕಳು ಇನ್ನೂ ಕಾಲೇಜಿನಲ್ಲಿ ಇರುತ್ತಾರೆ. ಬ್ಯಾಂಕಿನ ಬಾಗಿಲಲ್ಲಿ ಡಬಲ್ ಬ್ಯಾರೆಲ್ ಬಂದೂಕು ಹಿಡಿದು ನಿಂತವರು, ರಾಜ್ಯ ಸರ್ಕಾರದ ಮಾಜಿ ಸೈನಿಕ ಮೀಸಲಾತಿಯಲ್ಲಿ ಗುಮಾಸ್ತಿಕೆ ಹಿಡಿದವರು, ಡಿಫೆನ್ಸ್ ಸೆಕ್ಯುರಿಟಿ ಕೋರ್‌ಗೆ ಮರಳಿ ಸೇರಿದವರು, ಹೊಲಕ್ಕೆ ಇಳಿದವರು, ಹೀಗೆ ಹಂಚಿ ಹೋಗುತ್ತಾರೆ. ಎತ್ತರದ ಠಾಣೆಯಲ್ಲಿ ಹತ್ತು ಪ್ರಾಣಗಳ ಹೊಣೆ ಹೊತ್ತವನಿಗೆ ಎಟಿಎಂ ಬಾಗಿಲ ಸ್ಟೂಲು ಕೊಡುವುದಕ್ಕಿಂತ ಬೇರೆ ಕೆಲಸ ನಮ್ಮ ಊರುಗಳಿಗೆ ಹೊಳೆದಿಲ್ಲ.

2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆ ಈ ಇಡೀ ಲೆಕ್ಕವನ್ನು ಅಲುಗಾಡಿಸಿದೆ. ಅಂದು ಪ್ರಕಟಿಸಿದ ನಿಯಮದಂತೆ ಹದಿನೇಳೂವರೆಯಿಂದ ಇಪ್ಪತ್ತೊಂದರ ಹುಡುಗರು ನಾಲ್ಕು ವರ್ಷಕ್ಕೆ ಅಗ್ನಿವೀರರಾಗಿ ಸೇರುತ್ತಾರೆ. ಅವಧಿ ಮುಗಿದಾಗ ಗರಿಷ್ಠ ಶೇ 25ರಷ್ಟು ಮಂದಿ ಖಾಯಂ ಆಗಿ ಉಳಿದು ಕನಿಷ್ಠ ಇನ್ನೂ ಹದಿನೈದು ವರ್ಷ ಸೇವೆ ಮಾಡುತ್ತಾರೆ. ಮಿಕ್ಕವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿಯೊಂದಿಗೆ ಊರಿಗೆ. ಇದರ ಬಗ್ಗೆ ನಡೆದ ಚರ್ಚೆಯೆಲ್ಲ ಪಿಂಚಣಿ, ನೌಕರಿಯ ಸುತ್ತಲೇ ತಿರುಗಿತು. ಮುಂದಿನ ಹವಾಲ್ದಾರರು ಆ ನಾಲ್ವರಲ್ಲೊಬ್ಬನಿಂದಲೇ ಬರಬೇಕೆಂಬ ಮಾತು ಹಿಂದೆ ಬಿತ್ತು. ಒಳ್ಳೆಯದನ್ನೇ ಆರಿಸಿಕೊಳ್ಳಬಹುದಲ್ಲ ಎಂದು ಒಂದು ವಾದ. ನಾಲ್ಕೂ ವರ್ಷ ಪಕ್ಕದವನ ಜೊತೆ ಪೈಪೋಟಿಗೆ ಬಿದ್ದ ಹುಡುಗ ಆ ಪಕ್ಕದವನಿಗಾಗಿ ತೆವಳಿಕೊಂಡು ಮುಂದೆ ಹೋಗುವುದನ್ನು ಯಾವಾಗ ಕಲಿಯುತ್ತಾನೆ ಎಂದು ಇನ್ನೊಂದು. ಎರಡಕ್ಕೂ ಉತ್ತರ ಕಾಗದದ ಮೇಲೆ ಸಿಗುವಂಥದ್ದಲ್ಲ. ಮೊದಲ ತಂಡ ತರಬೇತಿಗೆ ಹೋಗಿದ್ದು 2022ರ ಕೊನೆಗೆ. ಅವರ ನಾಲ್ಕು ವರ್ಷ ತುಂಬುವುದು 2026ರ ಕೊನೆಗೆ.

ಭರ್ತಿ ರ‍್ಯಾಲಿಯಲ್ಲಿ ಮೊದಲು ಪಾಸಾಗಬೇಕಾದದ್ದು 1.6 ಕಿಲೊಮೀಟರ್ ಓಟ. ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ ಅಂಕ. ಆಮೇಲೆ ಕಂಬಿ ಹಿಡಿದು ಹತ್ತು ಸಲ ಮೇಲೆದ್ದರೆ ಅಲ್ಲೂ ಪೂರ್ತಿ ಅಂಕ, ಒಂಬತ್ತು ಅಡಿ ಹಳ್ಳವನ್ನೂ ಜಿಗಿಯಬೇಕು. ಹೆದ್ದಾರಿ ಪಕ್ಕದ ಊರುಗಳಲ್ಲಿ ಇದಕ್ಕೆ ಅಭ್ಯಾಸ ಮಾಡುವ ಹುಡುಗರು ಬೆಳಗಿನ ಜಾವ ಲಾರಿಗಳ ದೀಪದ ಬೆಳಕಿನಲ್ಲಿ ರಸ್ತೆಯ ಅಂಚಿಗೆ ಓಡುತ್ತಾರೆ. ಕಿಲೊಮೀಟರ್ ಕಲ್ಲಿನಿಂದ ಕಲ್ಲಿಗೆ ಒಂದು ಸಾವಿರ ಮೀಟರು, ಅದರಾಚೆ ಅಂದಾಜಿನ ಮೇಲೆ ಇನ್ನಾರುನೂರು. ಗುಂಪಿನಲ್ಲಿ ಒಬ್ಬ ಮೊಬೈಲ್ ಹಿಡಿದು ಸಮಯ ನೋಡುತ್ತಾನೆ. ಹಿಂದೆ ಬಿದ್ದವನನ್ನು ಬೈಯುತ್ತ ಅವನ ಜೊತೆಗೇ ನಿಧಾನ ಓಡುವವನೂ ಒಬ್ಬ ಇರುತ್ತಾನೆ.